ನ್ಯಾಯ ಹೇಳುವ ಜಾಗದಲ್ಲಿ ನಮಗೇಕೆ ಜಾಗವಿಲ್ಲ?



2025ರ ಸೆಪ್ಟೆಂಬರ್ 22ರಂದು ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್ ನಾಡಹಬ್ಬ ದಸರಾವನ್ನು ಉದ್ಘಾಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಅವರ ಕಥೆಗಳಿಗೆ, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಕನ್ನಡದ ಒಂದು ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆದರೆ ದಸರಾಕ್ಕೆ ಅವರ ಹೆಸರನ್ನು ಸರ್ಕಾರ ಪ್ರಕಟಿಸಿದ ಕೂಡಲೇ ಗದ್ದಲ ಎದ್ದಿತು. ದೇವಿಯ ಮುಂದೆ ದೀಪ ಹಚ್ಚಲು ಈಕೆ ಯಾರು ಎಂದು ಕೇಳಿದರು. ಹಿಂದೆಂದೋ ಆಡಿದ ಮಾತುಗಳನ್ನು ಹುಡುಕಿ ತೆಗೆದರು. ಕೊನೆಗೆ ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 15ರಂದು ಹೈಕೋರ್ಟು, 19ರಂದು ಸುಪ್ರೀಂ ಕೋರ್ಟು ಆ ಅರ್ಜಿಗಳನ್ನು ತಳ್ಳಿಹಾಕಿದವು. 2017ರಲ್ಲಿ ಕವಿ ನಿಸಾರ್ ಅಹಮದ್ ಇದೇ ದಸರಾವನ್ನು ಉದ್ಘಾಟಿಸಿದ್ದಾಗ ಇಷ್ಟು ಗದ್ದಲವಾಗಿರಲಿಲ್ಲ.

ಇದೇ ಬಾನು ಮುಷ್ತಾಕ್ ಅವರಿಗೆ ಇಪ್ಪತ್ತೈದು ವರ್ಷಗಳ ಹಿಂದೆ ಇನ್ನೊಂದು ಹೊಸ್ತಿಲಲ್ಲಿ ತಡೆ ಎದುರಾಗಿತ್ತು. ಮುಸ್ಲಿಂ ಹೆಂಗಸರು ಮಸೀದಿಗೆ ಹೋಗಿ ಪ್ರಾರ್ಥನೆ ಮಾಡುವ ಹಕ್ಕಿದೆ ಎಂದು ಅವರು ಮಾತಾಡಿದ್ದಕ್ಕೆ 2000ದಲ್ಲಿ ಅವರದೇ ಸಮುದಾಯದ ಕೆಲವರು ಅವರ ಕುಟುಂಬಕ್ಕೆ ತಿಂಗಳುಗಟ್ಟಲೆ ಸಾಮಾಜಿಕ ಬಹಿಷ್ಕಾರ ಹಾಕಿದರು. ಚೂರಿ ಹಿಡಿದು ಬಂದವನೊಬ್ಬನಿಂದ ಅವರ ಗಂಡ ಅವರನ್ನು ಕಾಪಾಡಬೇಕಾಯಿತು.

ಆಗ ಒಂದು ಧರ್ಮದ ಹೆಸರಿನಲ್ಲಿ ಕೆಲವು ಗಂಡಸರು, ನೀನು ಒಳಗೆ ಬರಬೇಡ ಎಂದರು. ಈಗ ಮತ್ತೊಂದು ಧರ್ಮದ ಹೆಸರಿನಲ್ಲಿ ಬೇರೆ ಕೆಲವು ಗಂಡಸರು, ನೀನು ಮೇಲೆ ಹತ್ತಬೇಡ ಎಂದರು. ಈ ಎರಡು ಗುಂಪಿನವರು ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೆ ಹೆಣ್ಣು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ನಿರ್ಧರಿಸುವ ಅಧಿಕಾರ ತಮ್ಮದು ಎನ್ನುವುದರಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯ. ನಾವು ಯೋಚಿಸಬೇಕಾದದ್ದು ಈ ಒಮ್ಮತದ ಬಗ್ಗೆ.

ದೊಡ್ಡ ದೊಡ್ಡವರ ವಿಷಯ ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮಹಾಲಕ್ಷ್ಮಿ ಲೇಔಟಿನ, ಕುರುಬರಹಳ್ಳಿಯ, ನಂದಿನಿ ಲೇಔಟಿನ ಸಂಘಗಳಲ್ಲಿ ಕೂರುವ ಹೆಂಗಸರಿಗೆ ಸಾಲದ ಕಂತು ಇದೆ, ಪೀಣ್ಯದ ಗಾರ್ಮೆಂಟ್ಸಿಗೆ ಹೊತ್ತಿಗೆ ಸರಿಯಾಗಿ ಓಡುವುದಿದೆ, ಕುಡಿದು ಬರುವ ಗಂಡನಿದ್ದಾನೆ. ದೇವಸ್ಥಾನದ ಒಳಗೆ ಬಿಟ್ಟರೆಷ್ಟು, ಬಿಡದಿದ್ದರೆಷ್ಟು? ವರದಕ್ಷಿಣೆ, ಹೊಡೆತ, ಬಡಿತದ ಬಗ್ಗೆ ಮಾತಾಡುವ ಈ ಪತ್ರಿಕೆಯಲ್ಲಿ ಗುಡಿ, ಮಸೀದಿಯ ಮಾತೇಕೆ? ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತವರು

ಒಂದು ಮದುವೆಯ ಮಾತುಕತೆ ಹೇಗೆ ನಡೆಯುತ್ತದೆ ಎಂದು ನೆನಪು ಮಾಡಿಕೊಳ್ಳಿ. ನಡುಮನೆಯಲ್ಲಿ ಜಮಖಾನ ಹಾಸಿರುತ್ತದೆ. ಎರಡೂ ಕಡೆಯ ಗಂಡಸರು ಎದುರು ಬದುರು ಕೂತಿರುತ್ತಾರೆ. ಮಧ್ಯೆ ಊರಿನ ಅಥವಾ ಜಾತಿಯ ಹಿರಿಯರು ಒಬ್ಬಿಬ್ಬರು. ತಾಯಂದಿರು ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿರುತ್ತಾರೆ. ಮದುವೆಯಾಗುವ ಹುಡುಗಿ ಕಾಫಿ ಕೊಟ್ಟು ಒಳಗೆ ಹೋಗಿರುತ್ತಾಳೆ. ಎಷ್ಟು ಗ್ರಾಂ ಚಿನ್ನ, ಯಾವ ಗಾಡಿ, ಛತ್ರದ ಖರ್ಚು ಯಾರದು, ಇವೆಲ್ಲ ಅವಳ ಹೆಸರಿನಲ್ಲಿ ತೀರ್ಮಾನವಾಗುತ್ತವೆ. ಅವಳ ಬಾಯಿಂದ ಒಂದು ಮಾತೂ ಬಂದಿರುವುದಿಲ್ಲ. ಹೆಣ್ಣಿನ ಬೆಲೆ ಕಟ್ಟುವ ಜಾಗದಲ್ಲಿ ಹೆಣ್ಣಿಗೆ ಕೂರಲು ಜಾಗವಿರುವುದಿಲ್ಲ. ಇದಕ್ಕೆ ನಾವು ಮರ್ಯಾದೆ, ಸಂಪ್ರದಾಯ ಎಂದು ಹೆಸರಿಟ್ಟಿದ್ದೇವೆ.

ಮದುವೆಯಾಗಿ ಎರಡು ವರ್ಷದ ಮೇಲೆ ಅದೇ ಹುಡುಗಿ ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬರುತ್ತಾಳೆ. ಆಗ ಏನಾಗುತ್ತದೆ? ಹೆಚ್ಚಿನ ಮನೆಗಳಲ್ಲಿ ಮೊದಲು ಪೊಲೀಸ್ ಸ್ಟೇಷನ್ನಿಗೂ ಹೋಗುವುದಿಲ್ಲ, ವಕೀಲರ ಹತ್ತಿರಕ್ಕೂ ಹೋಗುವುದಿಲ್ಲ. ಹಿರಿಯರನ್ನು ಸೇರಿಸುತ್ತಾರೆ. ಸೇರುವುದು ಎಲ್ಲಿ? ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ, ಜಾತಿ ಸಂಘದ ಹಾಸ್ಟೆಲಿನಲ್ಲಿ, ಮಠದ ಪಡಸಾಲೆಯಲ್ಲಿ, ಜಮಾತಿನ ಕಚೇರಿಯಲ್ಲಿ, ಚರ್ಚಿನ ಪಾದ್ರಿಗಳ ಕೋಣೆಯಲ್ಲಿ. ಅಲ್ಲಿ ಕೂತು ನ್ಯಾಯ ಹೇಳುವವರು ಬಹುಪಾಲು ಗಂಡಸರೇ. ಹುಡುಗಿಯ ಪರವಾಗಿ ಅಪ್ಪನೋ ಅಣ್ಣನೋ ಮಾತಾಡುತ್ತಾನೆ. ಅವಳು ಹೊರಗೆ ನಿಂತು ಕಾಯುತ್ತಾಳೆ. ಸ್ವಲ್ಪ ಹೊಂದಿಕೊಂಡು ಹೋಗಮ್ಮ ಎಂಬ ತೀರ್ಪು ಹೊರಗೆ ಬರುತ್ತದೆ. ಅವಳನ್ನು ಮತ್ತೆ ಅದೇ ಮನೆಗೆ ಕಳಿಸುತ್ತಾರೆ.

ಗುಡಿ, ಮಸೀದಿ, ಮಠಗಳು ಕೈಮುಗಿಯುವ ಜಾಗಗಳು ಮಾತ್ರ ಎಂದುಕೊಂಡರೆ ನಾವು ಅರ್ಧ ಮಾತ್ರ ನೋಡಿದ ಹಾಗೆ. ಅವು ತೀರ್ಮಾನದ ಜಾಗಗಳೂ ಹೌದು. ಪ್ರಾರ್ಥನೆಗೆ ಬೇಡ ಎಂದು ಹೊರಗೆ ಇಟ್ಟವಳನ್ನು ಪಂಚಾಯಿತಿಗೆ ಮಾತ್ರ ಒಳಗೆ ಕರೆದು ಕೂರಿಸುತ್ತಾರೆಯೇ? ಹೊಸ್ತಿಲು ಒಂದೇ. ಒಂದು ಕೆಲಸಕ್ಕೆ ಮುಚ್ಚಿದ್ದು ಇನ್ನೊಂದಕ್ಕೂ ಮುಚ್ಚುತ್ತದೆ.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯ ತಿರುಳು ಇದೇ. ಗಂಡ ಕೈಬಿಟ್ಟ ಹೆಂಗಸೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಅಂಗಳದಲ್ಲಿ ಹೋಗಿ ಕೂರುತ್ತಾಳೆ. ಅವಳಿಗೆ ಬೇಕಾದದ್ದು ಜೀವನಾಂಶ, ಮಕ್ಕಳ ಅನ್ನ, ಔಷಧಿ. ಆದರೆ ಅದನ್ನು ಕೊಡಿಸಬಲ್ಲ ಮುತವಲ್ಲಿ ಕೂರುವುದು ಮಸೀದಿಯಲ್ಲಿ. ಈ ಕಥೆಯನ್ನು ಗಿರೀಶ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಎಂಬ ಸಿನಿಮಾ ಮಾಡಿದರು. ಅದರಲ್ಲಿ ಅಭಿನಯಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನೋಡದವರು ಸಂಘದಲ್ಲಿ ಒಟ್ಟಿಗೆ ಕೂತು ನೋಡಿ, ಚರ್ಚೆ ಮಾಡಿ.

ಇದು ಬರೀ ಕಥೆಯಲ್ಲ ಎನ್ನುವುದಕ್ಕೆ ಪಕ್ಕದ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷಿ ಇದೆ. ಅಲ್ಲಿ ದಾವೂದ್ ಷರೀಫಾ ಖಾನಂ ಎಂಬ ಹೋರಾಟಗಾರ್ತಿ 'ಸ್ಟೆಪ್ಸ್' ಎಂಬ ಸಂಸ್ಥೆ ಕಟ್ಟಿ ನೊಂದ ಹೆಂಗಸರ ಜೊತೆ ಕೆಲಸ ಮಾಡುತ್ತಿದ್ದರು. ವರದಕ್ಷಿಣೆ, ತಲಾಖ್, ಹೊಡೆತದ ದೂರುಗಳನ್ನು ಜಮಾತು ಮಸೀದಿಯಲ್ಲಿ ಕೂತು ತೀರ್ಮಾನ ಮಾಡುತ್ತದೆ. ಹೆಂಗಸು ಮಸೀದಿಯ ಒಳಗೆ ಬರುವಂತಿಲ್ಲವಾದ್ದರಿಂದ ತನ್ನದೇ ದೂರಿನ ವಿಚಾರಣೆಯಲ್ಲಿ ಅವಳೇ ಇರುವುದಿಲ್ಲ. ಇದನ್ನು ಕಂಡ ಅವರು 2000ದ ದಶಕದ ಮೊದಲ ವರ್ಷಗಳಲ್ಲಿ ಹೆಂಗಸರದೇ ಒಂದು ಜಮಾತು ಕಟ್ಟಿದರು. ಹೆಂಗಸರಿಗಾಗಿ ಒಂದು ಮಸೀದಿಯನ್ನೂ ಕಟ್ಟುತ್ತೇವೆ ಎಂದು ಹೊರಟರು. ಆ ಮಾತು ದೇಶದಾಚೆಗೂ ಸುದ್ದಿಯಾಯಿತು. ಅವರು ಕೇಳಿದ್ದು ಪುಣ್ಯವನ್ನಲ್ಲ, ಕುರ್ಚಿಯನ್ನು.

ಮೈಲಿಗೆ ಎಂಬ ಬೀಗ

ಹೊಸ್ತಿಲಿಗೆ ಹಾಕಿದ ಬೀಗಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ನಮ್ಮಲ್ಲಿ ಅದಕ್ಕೆ ಮೈಲಿಗೆ ಎನ್ನುತ್ತೇವೆ. ಮುಟ್ಟು, ಬಾಣಂತನ, ವೈಧವ್ಯ, ಈ ಮೂರರಲ್ಲಿ ಒಂದಲ್ಲ ಒಂದು ಕಾರಣಕ್ಕೆ ಹೆಣ್ಣು ಬದುಕಿನ ಬಹುಪಾಲು ಹೊರಗೇ ಇರಬೇಕು.

2023ರ ಜುಲೈನಲ್ಲಿ ತುಮಕೂರು ಹತ್ತಿರದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ನಡೆದದ್ದನ್ನು ನಾವು ಮರೆಯುವಂತಿಲ್ಲ. ಸೂತಕದ ಹೆಸರಿನಲ್ಲಿ ಹಸಿ ಬಾಣಂತಿಯನ್ನೂ ಎಳೆ ಕೂಸನ್ನೂ ಮಳೆ, ಚಳಿಯಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟರು. ಕೂಸು ಸತ್ತುಹೋಯಿತು. ಬೆಂಗಳೂರಿನಿಂದ ತುಮಕೂರಿಗೆ ಎರಡು ಗಂಟೆಯ ದಾರಿ ಅಷ್ಟೆ. ಮುಟ್ಟಾದವರನ್ನು, ಬಸುರಿಯರನ್ನು ಹೀಗೆ ಬೇರೆ ಇಡುವುದು ಅಪರಾಧವೆಂದು ಕರ್ನಾಟಕದಲ್ಲಿ ಕಾನೂನೇ ಇದೆ. 2017ರಲ್ಲಿ ಶಾಸನಸಭೆಯ ಒಪ್ಪಿಗೆ ಪಡೆದ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಕಾನೂನು ಕಾಗದದಲ್ಲಿತ್ತು, ಕೂಸು ಗುಡಿಸಲಿನಲ್ಲಿತ್ತು.

ಇದು ಹಳ್ಳಿಯ ಅಜ್ಞಾನ, ನಾವು ಪಟ್ಟಣದವರು ಎನ್ನುವ ಹಾಗೂ ಇಲ್ಲ. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಚಾಪೆ ಬೇರೆ, ಲೋಟ ಬೇರೆ ಇಟ್ಟುಕೊಂಡು ಮೂರು ದಿನ ಮೂಲೆಯಲ್ಲಿ ಕೂರುವ ಸೊಸೆಯಂದಿರು ನಮ್ಮ ಬಡಾವಣೆಗಳಲ್ಲೂ ಇದ್ದಾರೆ. ಗಾರ್ಮೆಂಟ್ಸಿನ ಮಿಷನ್ನಿಗೆ ಆ ಮೂರು ದಿನ ಮೈಲಿಗೆ ತಟ್ಟುವುದಿಲ್ಲ. ಅವಳು ತಂದ ಸಂಬಳಕ್ಕೂ ತಟ್ಟುವುದಿಲ್ಲ. ದೇವರ ಕೋಣೆಗೆ ಮಾತ್ರ ತಟ್ಟುತ್ತದೆ.

ಹಾಗೆ ನೋಡಿದರೆ ಈ ಬೀಗವನ್ನು ಮುರಿದವರು ನಮ್ಮ ನೆಲದಲ್ಲೇ ಇದ್ದರು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಒಪ್ಪಲಿಲ್ಲ. ಅಕ್ಕಮಹಾದೇವಿಯಿಂದ ಹಿಡಿದು ಕಾಯಕದ ಹೆಂಗಸರವರೆಗೆ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಹೆಸರು ನಮಗೆ ಸಿಗುತ್ತದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರಲ್ಲ. ಸಭೆಯ ಒಳಗೆ ಕೂತು ವಾದ ಮಾಡಿದವರು. ಆ ಪರಂಪರೆಯ ಹೆಸರಿನಲ್ಲಿ 1970ರಲ್ಲಿ ಮಾತೆ ಮಹಾದೇವಿಯವರು ಹೆಣ್ಣಾಗಿ ಜಗದ್ಗುರು ಪೀಠ ಏರಿದರು. ಅವರು ಪ್ರವಚನ ಮಾಡುತ್ತಿದ್ದ ಬಸವ ಮಂಟಪ ನಮ್ಮ ಪಕ್ಕದ ರಾಜಾಜಿನಗರದಲ್ಲೇ ಇದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನವನ್ನು ನೋಡಿ. ಬೇರೆ ಗುಡಿಗಳ ಒಳಗೆ ಪ್ರವೇಶವಿಲ್ಲದ ಬಿಲ್ಲವರಿಗಾಗಿ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪನೆ ಮಾಡಿದ ಗುಡಿ ಅದು. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಶುಭಕಾರ್ಯದಲ್ಲಿ ಎದುರು ಬರಬಾರದು ಎನ್ನಿಸಿಕೊಂಡವರು ಗರ್ಭಗುಡಿಯಲ್ಲಿ ನಿಂತು ಆರತಿ ಎತ್ತಿದರು. ಆಕಾಶ ಕಳಚಿ ಬೀಳಲಿಲ್ಲ. ಸಂಪ್ರದಾಯ ಎಂದರೆ ಹೊರಗಿಟ್ಟದ್ದು ಮಾತ್ರವಲ್ಲ, ಒಳಗೆ ಕರೆದದ್ದೂ ಸಂಪ್ರದಾಯವೇ.

ನಲವತ್ತೊಂದು ದಿನದ ಸ್ವಾಮಿ

ಶಬರಿಮಲೆಯ ಮಾತು ಬಾರದೆ ಈ ವಿಷಯ ಮುಗಿಯದು. ಹತ್ತರಿಂದ ಐವತ್ತು ವರ್ಷದೊಳಗಿನ ಹೆಂಗಸರು ಅಲ್ಲಿಗೆ ಹೋಗಬಾರದು ಎಂಬ ಪದ್ಧತಿಯನ್ನು 1991ರಲ್ಲಿ ಕೇರಳ ಹೈಕೋರ್ಟು ಎತ್ತಿಹಿಡಿಯಿತು. ಕನ್ನಡದ ನಟಿ ಜಯಮಾಲಾ ಅವರು ತಾನು 1987ರಲ್ಲಿ ಅಲ್ಲಿಗೆ ಹೋಗಿ ಅಯ್ಯಪ್ಪನನ್ನು ಮುಟ್ಟಿದ್ದೆನೆಂದು 2006ರಲ್ಲಿ ಹೇಳಿದಾಗ ಎಷ್ಟು ದೊಡ್ಡ ರಂಪವಾಯಿತು ಎಂಬುದು ಹಲವರಿಗೆ ನೆನಪಿರಬಹುದು. ಅವರ ಮೇಲೆ ಪೊಲೀಸ್ ಕೇಸು ಹಾಕಿದರು. 2012ರಲ್ಲಿ ಕೇರಳ ಹೈಕೋರ್ಟು ಅದನ್ನು ರದ್ದು ಮಾಡಿತು. ಅದೇ ಜಯಮಾಲಾ ಈ ನಡುವೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು, 2018ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾದರು. ಒಂದು ಖಾತೆಯನ್ನು ನಡೆಸಬಲ್ಲ ಹೆಣ್ಣು ಒಂದು ಮೆಟ್ಟಿಲನ್ನು ಹತ್ತಿದರೆ ಕೇಸು!

2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಆ ತಡೆ ಸಂವಿಧಾನಕ್ಕೆ ವಿರುದ್ಧ ಎಂದರು. ಮುಟ್ಟಿನ ಕಾರಣಕ್ಕೆ ಹೊರಗಿಡುವುದು ಅಸ್ಪೃಶ್ಯತೆಯ ಒಂದು ರೂಪವೇ ಎಂದು ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ಪೀಠದಲ್ಲಿದ್ದ ಒಬ್ಬರೇ ಮಹಿಳೆ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬೇರೆ ಅಭಿಪ್ರಾಯ ಕೊಟ್ಟು, ಭಕ್ತರ ನಂಬಿಕೆಯ ವಿಷಯದಲ್ಲಿ ಕೋರ್ಟು ಕೈಹಾಕಬಾರದು ಎಂದರು. 2019ರ ಜನವರಿ 1ರಂದು ಕೇರಳದ ಲಕ್ಷಾಂತರ ಹೆಂಗಸರು ರಾಜ್ಯದ ಉದ್ದಕ್ಕೂ ಗೋಡೆಯಂತೆ ಸಾಲಾಗಿ ನಿಂತರು. ಮರುದಿನ ಬೆಳಗಿನ ಜಾವ ಇಬ್ಬರು ಹೆಂಗಸರು ಗುಡಿ ಹೊಕ್ಕರು. ಅವರು ಬಂದುಹೋದ ಮೇಲೆ ಗುಡಿಯ ಬಾಗಿಲು ಹಾಕಿ ಶುದ್ಧಿ ಮಾಡಿದರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೂ, ಮುಸ್ಲಿಂ ಹೆಂಗಸರ ಮಸೀದಿ ಪ್ರವೇಶ, ಬೇರೆ ಧರ್ಮದವರನ್ನು ಮದುವೆಯಾದ ಪಾರ್ಸಿ ಹೆಂಗಸರ ಅಗ್ನಿಮಂದಿರ ಪ್ರವೇಶ, ದಾವೂದಿ ಬೋಹ್ರಾ ಹೆಣ್ಣುಮಕ್ಕಳ ಅಂಗಛೇದ ಈ ಮೂರು ವಿಷಯಗಳನ್ನೂ ಸೇರಿಸಿ ದೊಡ್ಡ ಪೀಠದ ಮುಂದಿಟ್ಟಿತು. ಬೇರೆ ಬೇರೆ ಧರ್ಮದ ಹೆಂಗಸರ ಕಷ್ಟವನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದನ್ನು ನೋಡಿದರೆ ಸಾಕು, ನಮ್ಮ ಧರ್ಮದ ಮೇಲೇ ಎಲ್ಲರ ಕಣ್ಣು ಎಂಬ ಮಾತಿಗೆ ಅರ್ಥವಿಲ್ಲ ಎಂದು ತಿಳಿಯುತ್ತದೆ.

ಶಬರಿಮಲೆಗೆ ಹೋಗುವುದೂ ಬಿಡುವುದೂ ಅವರವರ ಇಷ್ಟ. ನಾನು ಹೇಳಬೇಕೆಂದಿರುವುದು ಮಾಲೆಯ ಬಗ್ಗೆ. ಮಾರ್ಗಶಿರ, ಪುಷ್ಯ ಬಂತೆಂದರೆ ನಮ್ಮ ಬೀದಿಗಳಲ್ಲಿ ಕಪ್ಪು ಪಂಚೆಯ ಸ್ವಾಮಿಗಳು ಕಾಣಿಸುತ್ತಾರೆ. ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲು, ನೆಲದ ಮೇಲೆ ಮಲಗುವುದು. ಹೆಂಡ ಮುಟ್ಟುವುದಿಲ್ಲ. ಕೆಟ್ಟ ಮಾತಾಡುವುದಿಲ್ಲ. ಕಂಡ ಹೆಂಗಸರನ್ನೆಲ್ಲ ಅಮ್ಮ ಎನ್ನುತ್ತಾರೆ. ವ್ರತ ಅವರದು, ಮಡಿಯ ಅಡುಗೆ ಹೆಂಡತಿಯದು. ಅವಳು ಮುಟ್ಟಾದರೆ ಅಕ್ಕಪಕ್ಕದ ಮನೆಗೋ ತವರಿಗೋ ಹೋಗಬೇಕು. ಆದರೂ ಸಂಘದಲ್ಲಿ ಕೂತಾಗ ಹೆಂಗಸರು ನಗುತ್ತಾ ಹೇಳುವುದುಂಟು, ವರ್ಷವೆಲ್ಲ ಮಾಲೆ ಹಾಕಿಕೊಂಡೇ ಇದ್ದರೆ ಚೆನ್ನಾಗಿತ್ತು ಎಂದು. ಏಕೆಂದರೆ ಆ ನಲವತ್ತೊಂದು ದಿನ ಮನೆಯಲ್ಲಿ ಹೊಡೆತವಿಲ್ಲ.

ಈ ನಗೆಮಾತಿನಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ಕುಡಿತ ಚಟ, ಬಿಡಲಾಗುವುದಿಲ್ಲ. ಕೋಪ ಹುಟ್ಟುಗುಣ, ತಡೆಯಲಾಗುವುದಿಲ್ಲ ಎಂದು ಎಷ್ಟು ಸಲ ಕೇಳಿದ್ದೇವೆ! ನಲವತ್ತೊಂದು ದಿನ ಕೈ ಎತ್ತದೆ ಇರಬಲ್ಲವನು ನಲವತ್ತೆರಡನೆಯ ದಿನವೂ ಇರಬಲ್ಲ. ದೇವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವವನು ಅಗ್ನಿಸಾಕ್ಷಿಯಾಗಿ ಹೆಂಡತಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬಲ್ಲ. ಉಳಿಸಿಕೊಳ್ಳುವುದಿಲ್ಲ ಎಂದರೆ ಅದು ಆಗದ ಮಾತಲ್ಲ, ಬೇಕಿಲ್ಲದ ಮಾತು. ಬೀದಿಯ ಹೆಂಗಸರನ್ನೆಲ್ಲ ಅಮ್ಮ ಎಂದು ಕರೆದು, ಮನೆಯವಳನ್ನು ಮೈಲಿಗೆ ಎಂದು ದೂರವಿಟ್ಟು, ಮಾಲೆ ತೆಗೆದ ದಿನ ಅವಳ ಕೆನ್ನೆಗೆ ಬಾರಿಸುವುದು ಯಾವ ಭಕ್ತಿ?

ಬೇರೆ ಕೂರುವುದೆಲ್ಲ ಒಂದೇ ಅಲ್ಲ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೆಂಗಸರು, ಗಂಡಸರು ಬೇರೆ ಬೇರೆ ಇರುವುದನ್ನು ನಾವೇ ಕೇಳುವುದಿಲ್ಲವೇ? ಬಿಎಂಟಿಸಿ ಬಸ್ಸಿನಲ್ಲಿ ಮುಂದಿನ ಸೀಟುಗಳು ನಮ್ಮವು. ಮೆಟ್ರೋದಲ್ಲೂ ಮುಂದಿನ ಬೋಗಿಯಲ್ಲಿ ಹೆಂಗಸರಿಗೆ ಜಾಗ ಮೀಸಲಿದೆ. ನಮ್ಮ ಸ್ವಸಹಾಯ ಸಂಘದಲ್ಲಿ ಗಂಡಸರಿಗೆ ಸದಸ್ಯತ್ವವಿಲ್ಲ. ಭಜನಾ ಮಂಡಳಿಯಲ್ಲಿ ಹೆಂಗಸರೇ ಸೇರುತ್ತೇವೆ. ಇದು ಸರಿ, ಅದು ತಪ್ಪು ಎಂದರೆ ಹೇಗೆ?

ವ್ಯತ್ಯಾಸ ತಿಳಿಯಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಮೊದಲನೆಯದು, ಬೇರೆ ಇರಬೇಕೆಂದು ತೀರ್ಮಾನಿಸಿದವರು ಯಾರು? ಎರಡನೆಯದು, ಬೇಡವೆನಿಸಿದಾಗ ಆಚೆ ಬರಬಹುದೇ? ಮೂರನೆಯದು, ಬೇರೆ ಇದ್ದದ್ದರಿಂದ ನಮಗೆ ಸಿಕ್ಕಿದ್ದೇನು, ತಪ್ಪಿಹೋದದ್ದೇನು?

ಬಸ್ಸಿನ ಮುಂದಿನ ಸೀಟು ನಮಗೆ ಬೇಕಿತ್ತು. ಬೇಡವಾದರೆ ಹಿಂದೆಯೂ ಕೂರಬಹುದು. ಅದರಿಂದ ನಾವು ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಧೈರ್ಯವಾಗಿ ಹೋಗುತ್ತೇವೆ. ಆ ಬೇರ್ಪಡೆ ನಮ್ಮನ್ನು ಹೊರಗಿನ ಬದುಕಿಗೆ ಕರೆದೊಯ್ಯುತ್ತದೆ. ಸಂಘವೂ ಹಾಗೆಯೇ. ಗಂಡಸರ ಎದುರು ಬಾಯಿ ಬಿಡದವಳು ಸಂಘದಲ್ಲಿ ಲೆಕ್ಕ ಓದುತ್ತಾಳೆ, ಬ್ಯಾಂಕಿಗೆ ಹೋಗಿ ಮ್ಯಾನೇಜರರ ಎದುರು ಮಾತಾಡುತ್ತಾಳೆ. ಗುಡಿಯ ಹೊರಗೆ, ಹಟ್ಟಿಯ ಹೊರಗೆ, ಪಂಚಾಯಿತಿಯ ಹೊರಗೆ ನಿಲ್ಲಿಸಿದ್ದನ್ನು ಈ ಮೂರು ಪ್ರಶ್ನೆಗೆ ಒಡ್ಡಿ ನೋಡಿ. ತೀರ್ಮಾನ ನಮ್ಮದಲ್ಲ, ಆಚೆ ಬರುವಂತಿಲ್ಲ, ತಪ್ಪಿಹೋದದ್ದು ನಮ್ಮದೇ ಬದುಕಿನ ಮೇಲಿನ ಮಾತು.

ಈ ಮೂರು ಪ್ರಶ್ನೆ ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತವೆ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ತಲೆವಸ್ತ್ರದ ವಿವಾದ ಶುರುವಾಯಿತು. 2022ರ ಫೆಬ್ರವರಿಯಲ್ಲಿ ಸರ್ಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟು ಆ ಆದೇಶವನ್ನು ಒಪ್ಪಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಈ ನಡುವೆ ಪರೀಕ್ಷೆ ಬರೆಯದೆ ಮನೆಗೆ ಮರಳಿದ ಹುಡುಗಿಯರಿದ್ದರು. ಮುಸುಕು ಹಾಕಲೇಬೇಕು ಎಂದು ಹೆಣ್ಣುಮಕ್ಕಳ ಮೇಲೆ ಹೇರುವುದನ್ನು ನಾನು ಒಪ್ಪುವುದಿಲ್ಲ. ಆದರೆ ಮುಸುಕು ತೆಗೆಯದಿದ್ದರೆ ಓದು ಬೇಡ ಎಂದು ಗೇಟು ಹಾಕುವುದೂ ಅವಳನ್ನು ವಾಪಸು ಅದೇ ಅಡುಗೆಮನೆಗೆ ಕಳಿಸಿದ ಹಾಗೆಯೇ. ಹಾಕು ಎಂದವರೂ ತೆಗೆ ಎಂದವರೂ ಸೇರಿ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡರು. ಓದು ನಿಂತ ಹುಡುಗಿಗೆ ಮುಂದೇನು? ಬೇಗ ಮದುವೆ, ಅದಕ್ಕೆ ವರದಕ್ಷಿಣೆ, ಅದಾದ ಮೇಲೆ ನಮ್ಮ ಸಾಂತ್ವನ ಕೇಂದ್ರದ ಬಾಗಿಲು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ನಮಗೆ ಗುಡಿಯೊಳಗೆ ಹೋಗುವುದು ಬೇಕಿಲ್ಲ, ಆ ಮೂರು ದಿನ ನಾವೇ ದೂರವಿರುತ್ತೇವೆ ಎನ್ನುವ ಹೆಂಗಸರು ನಮ್ಮ ಸಂಘದಲ್ಲೇ ಬಹಳ ಜನ ಇದ್ದಾರೆ. 2018ರಲ್ಲಿ ಕೇರಳದ ಬೀದಿಗಳಲ್ಲಿ ತೀರ್ಪಿನ ವಿರುದ್ಧ ನಡೆದವರಲ್ಲಿ ಹೆಂಗಸರೂ ಸಾವಿರಾರು ಮಂದಿ ಇದ್ದರು. ಅವರನ್ನು ಅಜ್ಞಾನಿಗಳು ಎಂದು ಜರೆಯುವುದು ತಪ್ಪು. ನಂಬಿಕೆ ಅವರದು, ಅದಕ್ಕೆ ಗೌರವವಿರಲಿ. ಬಾಗಿಲು ತೆರೆದಿದ್ದರೆ ಹೋಗದಿರಲು ಅವಳಿಗೆ ಸ್ವಾತಂತ್ರ್ಯವಿದೆ. ಬಾಗಿಲು ಮುಚ್ಚಿದ್ದರೆ ಹೋಗಬೇಕೆಂದವಳಿಗೆ ಸ್ವಾತಂತ್ರ್ಯವಿಲ್ಲ. ಇಷ್ಟೇ ವ್ಯತ್ಯಾಸ. ನನಗೆ ಬೇಡ ಎನ್ನುವುದು ನಂಬಿಕೆ. ಯಾರಿಗೂ ಬೇಡ ಎನ್ನುವುದು ಆಜ್ಞೆ.

ಕಾನೂನಿನಲ್ಲಿ ಇರುವ ಕುರ್ಚಿ

ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿ ಗುಡಿಗಳಿಗೇನೂ ಕಡಿಮೆಯಿಲ್ಲ. ಗುಡ್ಡದ ಮೇಲಿನ ಪ್ರಸನ್ನ ವೀರಾಂಜನೇಯನನ್ನು ನೋಡಲು ಊರೂರಿನಿಂದ ಬರುತ್ತಾರೆ. ಆಚೆ ಹರೇಕೃಷ್ಣ ಗುಡ್ಡದಲ್ಲಿ 1997ರಲ್ಲಿ ಇಸ್ಕಾನ್ ಮಂದಿರ ತೆರೆಯಿತು. ಗಲ್ಲಿಗೊಂದು ಗಣಪತಿ, ಮಾರಮ್ಮ ಇದ್ದಾರೆ. ಮಸೀದಿ, ಚರ್ಚುಗಳೂ ಇವೆ. ಯಾವ ಗುಡಿಗೆ ಹೋದರೂ ಸಾಲಿನಲ್ಲಿ ನಿಂತವರಲ್ಲಿ ಹೆಂಗಸರೇ ಹೆಚ್ಚು. ರಂಗೋಲಿ ಹಾಕುವವರು, ಹೂ ಕಟ್ಟುವವರು, ಪ್ರಸಾದಕ್ಕೆ ತರಕಾರಿ ಹೆಚ್ಚುವವರು, ಪಾತ್ರೆ ಬೆಳಗುವವರು ಹೆಂಗಸರೇ. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಬಸ್ಸು ಉಚಿತವಾದ ಮೇಲೆ ಧರ್ಮಸ್ಥಳಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ದಂಡು ಕಟ್ಟಿಕೊಂಡು ಹೋದದ್ದೂ ನಾವೇ. ಅದನ್ನು ಗೇಲಿ ಮಾಡಿ ನಕ್ಕವರೂ ಇದ್ದರು. ಗಂಡನನ್ನು ಬಸ್ ಚಾರ್ಜಿಗೆ ಕೈಯೊಡ್ಡದೆ ಒಂದು ಹೆಣ್ಣು ಊರು ನೋಡಿದ್ದು ಅವರಿಗೆ ತಮಾಷೆಯಾಗಿ ಕಂಡಿತು.

ಇಷ್ಟೆಲ್ಲ ಭಕ್ತಿ ನಮ್ಮದು. ಆದರೆ ಗುಡಿಯ ಬೋರ್ಡಿನ ಮೇಲೆ ಬರೆದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳ ಹೆಸರು ಓದಿ ನೋಡಿ. ಎಷ್ಟು ಹೆಂಗಸರ ಹೆಸರಿದೆ?

ಸರ್ಕಾರದ ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನಗಳ ಬಗ್ಗೆ ನಿಮಗೊಂದು ವಿಷಯ ತಿಳಿದಿರಲಿ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯ ಪ್ರಕಾರ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಇಬ್ಬರು ಮಹಿಳೆಯರು ಇರಬೇಕು, ಪರಿಶಿಷ್ಟ ಜಾತಿ ಅಥವಾ ಪಂಗಡದವರೂ ಇರಬೇಕು. ವಕ್ಫ್ ಕಾಯ್ದೆಗೆ 2013ರಲ್ಲಿ ಆದ ತಿದ್ದುಪಡಿಯಲ್ಲಿ ರಾಜ್ಯದ ವಕ್ಫ್ ಮಂಡಳಿಯಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಬೇಕೆಂದು ಸೇರಿಸಿದರು. ಹೆಂಗಸರು ಮಸೀದಿಗೆ ಬಂದು ನಮಾಜು ಮಾಡಬಹುದು ಎಂದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದೆ. ಕಾನೂನಿನಲ್ಲಿ ಕುರ್ಚಿ ಇದೆ. ಅದರಲ್ಲಿ ನಾವು ಕೂತಿದ್ದೇವೆಯೇ ಎಂಬುದು ಪ್ರಶ್ನೆ. ಕೂತ ಕಡೆಯೂ ಎಷ್ಟೋ ಸಲ ಯಾರದೋ ಹೆಂಡತಿ, ಯಾರದೋ ಸೊಸೆ ಹೆಸರಿಗೆ ಮಾತ್ರ ಸದಸ್ಯೆ. ರುಜು ಮನೆಗೇ ತಂದು ಹಾಕಿಸಿಕೊಳ್ಳುತ್ತಾರೆ.

ಹಿಂದೆ ಪಂಚಾಯಿತಿಯಲ್ಲೂ ಹೀಗೇ ಆಗಿತ್ತು. 1987ರಲ್ಲಿ ಕರ್ನಾಟಕದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ ಎಂದಾಗ, ಇವರಿಗೇನು ತಿಳಿಯುತ್ತದೆ ಎಂದವರೇ ಹೆಚ್ಚು. ಇಂದು ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಗಂಡನ ನೆರಳಲ್ಲಿ ಬಂದವರಲ್ಲೂ ಎಷ್ಟೋ ಮಂದಿ ನಿಧಾನವಾಗಿ ಮೈಕು ಹಿಡಿದರು, ನೀರಿನ ಪೈಪು ಕೇಳಿದರು, ಸಾರಾಯಿ ಅಂಗಡಿ ಮುಚ್ಚಿಸಿದರು. ಕೂತರೆ ತಾನೆ ಕಲಿಯುವುದು? ಹೊರಗೆ ನಿಂತವಳಿಗೆ ಯಾರು ಕಲಿಸುತ್ತಾರೆ?

ನಾವು ಮಾಡಬಹುದಾದದ್ದು

ಗುಡಿ, ಮಸೀದಿಗಳ ಮುಂದೆ ನಾಳೆಯೇ ಧರಣಿ ಕೂರೋಣ ಎಂದು ನಾನು ಹೇಳುತ್ತಿಲ್ಲ. ನಮ್ಮ ಕೈಗೆ ಎಟಕುವ ಕೆಲಸದಿಂದ ಶುರು ಮಾಡೋಣ.

ಮುಂದಿನ ವಾರದ ಸಭೆಯಲ್ಲಿ ನಿಮ್ಮ ಬಡಾವಣೆಯ ದೇವಸ್ಥಾನ, ಮಸೀದಿ, ಚರ್ಚು, ಜಾತಿ ಸಂಘಗಳ ಸಮಿತಿಯಲ್ಲಿ ಯಾರಿದ್ದಾರೆ ಎಂದು ಪಟ್ಟಿ ಮಾಡಿ. ಮುಜರಾಯಿ ದೇವಸ್ಥಾನವಾದರೆ ಆ ಇಬ್ಬರು ಮಹಿಳಾ ಸದಸ್ಯೆಯರು ಯಾರೆಂದು ವಿಚಾರಿಸಿ. ಮಾಹಿತಿ ಹಕ್ಕ ಅರ್ಜಿಯನ್ನು ಇಲಾಖೆಗೆ ಹಾಕಬಹುದು. ಸಮಿತಿಯ ಅವಧಿ ಮುಗಿದು ಹೊಸಬರನ್ನು ಕರೆದಾಗ ನಿಮ್ಮ ಸಂಘದಿಂದ ಒಬ್ಬಳು ಅರ್ಜಿ ಹಾಕಲಿ.

ಯಾವುದೇ ಮನೆಯ ಜಗಳಕ್ಕೆ ಹಿರಿಯರು ಸೇರಿದರೆ, ಆ ಹೆಣ್ಣುಮಗಳು ಒಳಗೆ ಕೂತು ತನ್ನ ಮಾತು ತಾನೇ ಹೇಳಬೇಕು, ಅವಳ ಜೊತೆ ಸಂಘದ ಇಬ್ಬರು ಇರಬೇಕು ಎಂದು ಪಟ್ಟು ಹಿಡಿಯಿರಿ. ಒಪ್ಪದಿದ್ದರೆ ಅಲ್ಲಿ ನ್ಯಾಯ ಸಿಗುವುದಿಲ್ಲ ಎಂದು ಅಷ್ಟರಲ್ಲೇ ತಿಳಿದುಕೊಳ್ಳಿ. ಪಂಚಾಯಿತಿಯ ಮಾತಿಗೆ ಕಟ್ಟುಬಿದ್ದು ಕೋರ್ಟಿಗೆ ಹೋಗುವುದಿಲ್ಲ ಎಂಬ ಕಾಗದಕ್ಕೆ ಯಾರೂ ರುಜು ಹಾಕಬಾರದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಒಂದೇ. ಗಂಡನ ಮನೆಯಲ್ಲಿ ವಾಸ ಮಾಡುವ ಹಕ್ಕು, ರಕ್ಷಣೆಯ ಆದೇಶ, ಜೀವನಾಂಶ ಎಲ್ಲ ಅದರಲ್ಲಿವೆ. ಹಿಂದೆ 498ಎ ಎನ್ನುತ್ತಿದ್ದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ಹೆಂಗಸರಿಗೆ ಎಷ್ಟೇ ಆದಾಯವಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112.

ಮನೆಯಲ್ಲಿ ಮದುವೆಯ ಮಾತುಕತೆ ನಡೆದಾಗ ತಾಯಿ ಅಡುಗೆಮನೆಯ ಬಾಗಿಲು ಬಿಟ್ಟು ಬಂದು ಜಮಖಾನದ ಮೇಲೆ ಕೂರಲಿ. ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ವರದಕ್ಷಿಣೆಯ ಮಾತು ತೆಗೆಯುವವನು ಆ ಹುಡುಗಿಯ ಮುಖ ನೋಡಿಕೊಂಡೇ ತೆಗೆಯಲಿ. ಇಷ್ಟಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಡ.

ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯವನ್ನು ಎಲ್ಲ ವ್ಯಕ್ತಿಗಳಿಗೂ ಸಮಾನವಾಗಿ ಕೊಟ್ಟಿದೆ. ಎಲ್ಲ ವ್ಯಕ್ತಿಗಳು ಎಂದರೆ ಅದರಲ್ಲಿ ನಾವೂ ಸೇರಿದ್ದೇವೆ. ದೇವರು ನಮ್ಮನ್ನು ಹೊರಗೆ ನಿಲ್ಲಿಸಿಲ್ಲ. ನಿಲ್ಲಿಸಿದವರು ಮನುಷ್ಯರು, ಅದೂ ನಮ್ಮ ಕೈಯಡುಗೆ ಉಂಡವರು. ಅವರಿಗೆ ಹೇಳೋಣ: ನಮ್ಮ ಬದುಕಿನ ತೀರ್ಮಾನ ಎಲ್ಲಿ ನಡೆಯುತ್ತದೋ ಅಲ್ಲಿ ನಾವು ಇರುತ್ತೇವೆ. ನಿಂತುಕೊಂಡಲ್ಲ, ಕೂತುಕೊಂಡು.